ಜೈಲಿನಿಂದ ಬಂದವರ ಜೊತೆ ಮಾತಿಗೆ ಕೂರುವಾಗ

ಕೊಡಿಯಾಲಬೈಲಿನ ಜೈಲಿನಿಂದಲೋ ಹಿರಿಯಡ್ಕದಿಂದಲೋ ಬಿಡುಗಡೆಯಾದವರಿಗೆ ಮೊದಲ ದಿನಗಳಲ್ಲೇ ಬುದ್ಧಿ ಹೇಳಲು ಹೋಗಬೇಡಿ. ಇಂಥವರ ಜೊತೆ ಕೂತು ಮಾತಾಡುವುದೇ ಮಂಗಳೂರಿನಲ್ಲಿ ನನ್ನ ಕೆಲಸ. "ಇನ್ನಾದರೂ ಸರಿಯಾಗಿರು ಮಾರಾಯ" ಎಂಬುದನ್ನು ಅವರು ಮನೆ ತಲುಪುವಷ್ಟರಲ್ಲೇ ಬೇಕಾದಷ್ಟು ಕೇಳಿರುತ್ತಾರೆ.

ಮೊದಲು ಅವರ ದಿನ ಹೇಗೆ ಕಳೆಯುತ್ತದೆ ನೋಡಿ. ಏಳುವ, ಉಣ್ಣುವ, ಬೀಗ ಬೀಳುವ ಹೊತ್ತನ್ನೆಲ್ಲ ಒಳಗೆ ಬೇರೆಯವರೇ ನಿರ್ಧರಿಸುತ್ತಿದ್ದರು. ಹೊರಗೆ ಬಂದ ಮೇಲೂ ಕೆಲವರು ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತಿರುತ್ತಾರೆ. ಸಂಜೆಯಾದರೆ ಚಡಪಡಿಕೆ. ಮನೆಯವರಿಗೆ ಇದು ಸೊಕ್ಕು, ಸೋಮಾರಿತನ ಅನಿಸುತ್ತದೆ. ನಿಜವಾಗಿ, ತಾನೇ ತೀರ್ಮಾನಿಸುವುದು ಅಭ್ಯಾಸ ತಪ್ಪಿಹೋಗಿದೆ, ಸ್ವಾತಂತ್ರ್ಯವೇ ಹೆದರಿಸುತ್ತಿದೆ. ಹಾಗಾಗಿ ಸಣ್ಣ ತೀರ್ಮಾನಗಳನ್ನು ಅವರಿಗೇ ಬಿಡಿ: ಮಧ್ಯಾಹ್ನದ ಊಟಕ್ಕೆ ಬಂಗುಡೆ ಮೀನೋ ಬೂತಾಯಿಯೋ, ಮುಂದಿನ ಭೇಟಿ ಯಾವಾಗ. "ನೀವೇ ಹೇಳಿ" ಅನ್ನುತ್ತಾರೆ. ಹೇಳಬೇಡಿ, ಕಾಯಿರಿ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿ ಶಿಬಿರಗಳಲ್ಲಿ ಸೆರೆಯಾಗಿದ್ದು 1945ರಲ್ಲಿ ಹೊರಬಂದವರು. ಅವರು ಯಾವ ಅಪರಾಧವನ್ನೂ ಮಾಡಿರಲಿಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಆದರೆ ಬಿಡುಗಡೆಯ ಹಿಂದೆಯೇ ಕಹಿ, ನಿರಾಸೆ ಬರುತ್ತವೆ ಎಂದು ಅವರು ಕಂಡದ್ದನ್ನು ನಾನು ಇಲ್ಲಿಯೂ ಕಾಣುತ್ತೇನೆ. ಬದುಕು ನನ್ನಿಂದ ಏನು ಕೇಳುತ್ತಿದೆ ಎಂದು ನೋಡು ಎಂಬುದು ಅವರ ದಾರಿ. ಇದನ್ನು ತತ್ವವಾಗಿ ಒಪ್ಪಿಸಬೇಡಿ. "ಇವತ್ತು ನೀವು ಮಾಡದಿದ್ದರೆ ಯಾವ ಕೆಲಸ ನಿಂತುಹೋಗುತ್ತದೆ?" ಎಂದು ಕೇಳಿ. ಅಮ್ಮನ ಬಿಪಿ ಮಾತ್ರೆ ತರಬೇಕು ಅನ್ನಬಹುದು. ಅಲ್ಲಿಂದಲೇ ಮುಂದುವರಿಯಿರಿ.

ಕೆಲಸ ಹುಡುಕುವಾಗ ಕಾಲ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಬಂದರಿನ ದಕ್ಕೆಯಲ್ಲೂ ಮಲ್ಪೆಯಲ್ಲೂ ಕೂಲಿ ಕಡಿಮೆ. ಆಗ ಬಂದವರು "ಜೈಲಿಗೆ ಹೋದವನೆಂದೇ ಕರೆಯುತ್ತಿಲ್ಲ" ಎಂದು ಕುಗ್ಗುತ್ತಾರೆ. ಯಾವುದು ಮಳೆಗಾಲದ ಕಾರಣ, ಯಾವುದು ನಿಜಕ್ಕೂ ತಿರಸ್ಕಾರ ಎಂದು ಬಿಡಿಸಿ ತೋರಿಸಿ.

ಊರಿನ ನೇಮಕ್ಕೆ, ಅಂದರೆ ದೈವದ ಉತ್ಸವಕ್ಕೆ, ಹೋಗಲೋ ಬೇಡವೋ? ಹೆಚ್ಚು ಹೊತ್ತು ಕೂರಬೇಕಾದದ್ದು ಈ ಪ್ರಶ್ನೆಯ ಜೊತೆ. ಹೋದರೆ ಕಣ್ಣುಗಳೆಲ್ಲ ತನ್ನ ಮೇಲೆ, ಹೋಗದಿದ್ದರೆ ಊರಿನ ನಂಟೇ ಕಡಿದ ಹಾಗೆ. "ಇಷ್ಟು ದಿನ ಎಲ್ಲಿದ್ದೆ?" ಎಂಬುದಕ್ಕೆ ಒಂದು ಮಾತನ್ನು ಮೊದಲೇ ಒಟ್ಟಿಗೆ ಹುಡುಕಿ, ಬಾಯಿಬಿಟ್ಟು ಹೇಳಿಸಿ. ಸುಳ್ಳು ಬೇಡ, ಇಡೀ ಕಥೆಯೂ ಬೇಡ. "ಜೈಲಲ್ಲಿದ್ದೆ, ಈಗ ಮನೆಯಲ್ಲಿದ್ದೇನೆ" ಎಂದರೆ ಸಾಕು. ಯಾವಾಗ ಎದ್ದು ಬರುವುದು ಎಂಬುದೂ ಅವರದೇ ತೀರ್ಮಾನ.

ಅಪರಾಧ ಮಾಡಿದವರಿಗೆ "ಆದದ್ದಾಯ್ತು, ಮರೆತುಬಿಡಿ" ಎಂದು ನಾನು ಹೇಳುವುದಿಲ್ಲ. ಯಾರಿಗೆ ನೋವಾಯಿತು ಎಂದು ಅವರೇ ಹೇಳಲಿ, ತನ್ನ ಕೈಯಿಂದ ಏನು ಸರಿಮಾಡಲಾದೀತು ಎಂದು ಯೋಚಿಸಲಿ. ಕ್ಷಮೆ ಕೇಳಲು ನೊಂದವರ ಮನೆಗೆ ನೇರ ಹೋಗುವುದನ್ನು ಮಾತ್ರ ತಡೆಯಿರಿ, ಅವರ ನೆಮ್ಮದಿಯೂ ಮುಖ್ಯ. ವಿಚಾರಣಾಧೀನರಾಗಿ ವರ್ಷಗಟ್ಟಲೆ ಒಳಗಿದ್ದು ಖುಲಾಸೆಯಾದವರದ್ದು ಬೇರೆಯೇ ಸಂಕಟ. ಅವರ ಸಿಟ್ಟು ನ್ಯಾಯವಾದದ್ದು, ಅದನ್ನು ಕೇಳಿಸಿಕೊಳ್ಳಿ.

ಸಾವಿನ ಸುಳಿವು ಮಾತಿನಲ್ಲಿ ಬಂದರೆ ನೇರವಾಗಿಯೇ ಕೇಳಿ, "ಸಾಯಬೇಕು ಅನಿಸುತ್ತಿದೆಯಾ?" ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತುರ್ತಾದರೆ ಜೊತೆಯಲ್ಲೇ ಆಸ್ಪತ್ರೆಗೆ ಹೊರಡಿ.