ಸಾಂಕ್ರಾಮಿಕದ ಕಾಲದಲ್ಲಿ ಬೀದಿಗೊಂದು ನೆರವಿನ ತಂಡ: ಕಟ್ಟುವುದು ಹೇಗೆ?

ನೆರವಾಗುವವರ ಕೊರತೆಯಿಂದ ಸೊರಗಿದ ಬೀದಿಯನ್ನು ಕೋವಿಡ್ ಕಾಲದಲ್ಲಿ ನಾನು ಕಾಣಲಿಲ್ಲ. ಹೋದಲ್ಲೆಲ್ಲ ಹುಮ್ಮಸ್ಸಿನ ಜನರಿದ್ದರು, ವಾಟ್ಸ್‌ಆ್ಯಪ್ ಗುಂಪುಗಳಿದ್ದವು, ‘ಏನು ಬೇಕಿದ್ದರೂ ಸಂಕೋಚವಿಲ್ಲದೆ ಕರೆ ಮಾಡಿ’ ಎಂಬ ಸಂದೇಶಗಳಿದ್ದವು. ಕರೆ ಮಾತ್ರ ಬರುತ್ತಿರಲಿಲ್ಲ. ಮಾತ್ರೆ ಮುಗಿದ ವೃದ್ಧರು ಯಾರಿಗೂ ಹೇಳದೆ ಸುಮ್ಮನಿದ್ದರು. ಜ್ವರ ಕಾಣಿಸಿಕೊಂಡ ಮನೆಯವರು ನೆರೆಯವರ ಕಣ್ಣಿಗೆ ಅಂಜಿ ಬಾಗಿಲು ಹಾಕಿಕೊಂಡರು. ಕಷ್ಟದಲ್ಲಿರುವವರು ಬಾಯಿಬಿಟ್ಟು ಕೇಳುವುದು ಅಪರೂಪ, ನಾವೇ ಹೋಗಿ ವಿಚಾರಿಸಬೇಕು. ಈ ಕೆಲಸದ ತಿರುಳೆಲ್ಲ ಅದರಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಜಾಗತಿಕ ಆರೋಗ್ಯ ತುರ್ತು ಸ್ಥಿತಿ ಮುಗಿಯಿತೆಂದು ಅದು ಹೇಳಿದ್ದು 2023ರ ಮೇ 5ರಂದು. ಅಷ್ಟು ದೀರ್ಘ ಕಾಲಕ್ಕೆ ಮೊದಲ ವಾರದ ಉತ್ಸಾಹ ಸಾಲುವುದಿಲ್ಲ, ಒಂದು ಕ್ರಮ ಬೇಕು.

ಹಂತ 1: ಎಲ್ಲೆ ಗೊತ್ತು ಮಾಡಿಕೊಳ್ಳಿ

ನಡೆದು ತಲುಪಬಹುದಾದಷ್ಟೇ ಜಾಗವನ್ನು ವಹಿಸಿಕೊಳ್ಳಿ. ಒಬ್ಬರಿಗೆ ಹತ್ತು ಹನ್ನೆರಡು ಮನೆ ಸಾಕು. ಪ್ರತಿಯೊಬ್ಬರಿಗೂ ಒಬ್ಬ ಬದಲಿ ಇರಲೇಬೇಕು, ಏಕೆಂದರೆ ಸ್ವಯಂಸೇವಕರೂ ಕಾಯಿಲೆ ಬೀಳುತ್ತಾರೆ.

ಹಂತ 2: ಮನೆಗಳ ಪಟ್ಟಿ

ವಾಟ್ಸ್‌ಆ್ಯಪ್ ಗುಂಪನ್ನು ಪಟ್ಟಿಯೆಂದು ತಿಳಿಯಬೇಡಿ. ಯಾರಿಗೆ ನೆರವು ಹೆಚ್ಚು ಬೇಕೋ ಅವರೇ ಆ ಗುಂಪಿನಲ್ಲಿ ಇರುವುದಿಲ್ಲ: ಸಾದಾ ಮೊಬೈಲ್ ಇರುವ ಹಿರಿಯರು, ಹಿಂಬದಿಯ ಕೋಣೆಯ ಬಾಡಿಗೆದಾರರು, ಬೇರೆ ಭಾಷೆಯ ಕೂಲಿಕಾರರು, ಕಿವಿ ಮಂದವಾದವರು, ಹಸುಗೂಸಿನೊಂದಿಗೆ ಒಬ್ಬಳೇ ಇರುವ ತಾಯಿ. ಆನ್‌ಲೈನ್ ನಮೂನೆ ಕಳುಹಿಸಿ ತುಂಬಿಸಿಕೊಳ್ಳುವ ಸುಲಭದ ದಾರಿಯನ್ನು ಹಲವರು ಹಿಡಿಯುತ್ತಾರೆ. ಬೇಡ. ಮಾಸ್ಕ್ ಧರಿಸಿ, ಬಾಗಿಲಿಂದ ದೂರ ನಿಂತು, ಒಂದೊಂದು ಮನೆಯನ್ನೂ ಕಂಡು ಬನ್ನಿ. ಬಾಗಿಲು ತೆರೆಯದ ಮನೆಗೆ ನಿಮ್ಮ ಹೆಸರು ಮತ್ತು ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆದ ಚೀಟಿ ಹಾಕಿ, ಮರುದಿನ ಮತ್ತೆ ಹೋಗಿ.

ಬರೆದುಕೊಳ್ಳಬೇಕಾದದ್ದು ಕಡಿಮೆ: ಮನೆಯಲ್ಲಿ ಎಷ್ಟು ಜನ, ನಿತ್ಯ ಮಾತ್ರೆ ನುಂಗುವವರು ಯಾರು, ಡಯಾಲಿಸಿಸ್‌ನಂತಹ ತಪ್ಪಿಸಲಾಗದ ಚಿಕಿತ್ಸೆ ಯಾರಿಗಿದೆ, ಯಾವ ಭಾಷೆಯಲ್ಲಿ ಮಾತಾಡಿದರೆ ಸಲೀಸು, ತುರ್ತಿಗೆ ಯಾರಿಗೆ ತಿಳಿಸಬೇಕು, ಮನೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇದೆ. ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಳಗಿನಿಂದ ಬೀಗ ಹಾಕಿದ ಮನೆಯಲ್ಲಿ ಒಬ್ಬರೇ ಕುಸಿದುಬಿದ್ದ ದಿನ ಮಿಕ್ಕೆಲ್ಲ ಮಾಹಿತಿಗಿಂತ ಅದರ ಬೆಲೆ ಹೆಚ್ಚು. ಒಂಟಿಯಾಗಿರುವವರಿಗೆ, ಹೊರಗಿನಿಂದ ಕೀಲಿ ಹಾಕಿ ತೆರೆಯಬಹುದಾದ ಬೀಗವನ್ನು ಮಾತ್ರ ಹಾಕಿಕೊಳ್ಳಿ, ಚಿಲಕ ಬೇಡ ಎಂದು ಅಂದೇ ಹೇಳಿಬನ್ನಿ.

ಈ ಪಟ್ಟಿ ಇಬ್ಬರ ಬಳಿ ಇರಲಿ, ಮೂರನೆಯವರ ಬಳಿ ಬೇಡ. ಸೋಂಕು ತಗಲಿದವರ ಹೆಸರನ್ನು ಗುಂಪಿನಲ್ಲಿ ಹಾಕುವುದು ಅನ್ಯಾಯ. ಒಂದು ಮನೆಯ ಹೆಸರು ಹೊರಬಿತ್ತೆಂದರೆ ಮುಂದಿನ ಹತ್ತು ಮನೆಯವರು ಜ್ವರವನ್ನು ಮುಚ್ಚಿಡುತ್ತಾರೆ.

ಹಂತ 3: ದಿನದ ಕರೆ

ಬಹುತೇಕ ತಂಡಗಳು ಎಡವುವುದು ಇಲ್ಲಿ. ಆದ್ದರಿಂದ ಸಾವಕಾಶವಾಗಿ ಓದಿ.

ಒಂಟಿಯಾಗಿರುವವರಿಗೂ ಕಾಯಿಲೆಯಿಂದ ಮನೆಯಲ್ಲೇ ಪ್ರತ್ಯೇಕವಾಗಿರುವವರಿಗೂ ದಿನವೂ ಒಂದೇ ಹೊತ್ತಿಗೆ, ಒಬ್ಬರೇ ಕರೆ ಮಾಡಬೇಕು. ದಿನಕ್ಕೊಬ್ಬರು ಬದಲಾದರೆ ಆ ಕಡೆಯವರು ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ, ಮೂರನೇ ದಿನಕ್ಕೆ ಹೇಳುವುದನ್ನೇ ಬಿಡುತ್ತಾರೆ. ಅದೇ ದನಿಯನ್ನು ನಿತ್ಯ ಕೇಳುವವರಿಗೆ ಇಂದಿನ ಉಸಿರು ನಿನ್ನೆಯದಕ್ಕಿಂತ ಮೇಲೆ ಬಂದಿದೆ ಎಂಬುದು ಹೇಳದೆಯೇ ತಿಳಿಯುತ್ತದೆ.

‘ಏನಾದರೂ ಬೇಕೇ?’ ಎಂದು ಕೇಳಲೇಬೇಡಿ. ‘ಏನೂ ಬೇಡ, ನಿಮಗೇಕೆ ತೊಂದರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಣಿಸಿ, ನೋಡಿ ಹೇಳಬೇಕಾದಂತಹ ಪ್ರಶ್ನೆ ಕೇಳಿ. ‘ಬಿ.ಪಿ. ಮಾತ್ರೆಯ ಪಟ್ಟಿ ಕೈಗೆತ್ತಿಕೊಳ್ಳಿ, ಎಷ್ಟು ಉಳಿದಿವೆ?’ ‘ಬೆಳಿಗ್ಗೆಯಿಂದ ಏನೇನು ತಿಂದಿರಿ?’ ‘ರಾತ್ರಿ ಎಷ್ಟು ಸಲ ಎದ್ದಿರಿ?’ ‘ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂತೇ?’ ಮಾತ್ರೆ ಒಂದು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಅಂದೇ ತರಿಸಲು ಬರೆದುಕೊಳ್ಳಿ.

ಉತ್ತರದಷ್ಟೇ ಗಮನವನ್ನು ಉಸಿರಿಗೂ ಕೊಡಿ. ಒಂದು ವಾಕ್ಯವನ್ನು ತಡೆಯಿಲ್ಲದೆ ಮುಗಿಸುತ್ತಿದ್ದಾರೆಯೇ, ನಡುವೆ ನಿಲ್ಲುತ್ತಿದ್ದಾರೆಯೇ? ಕೋವಿಡ್‌ನಲ್ಲಿ ಮೊದಲ ದಿನಗಳು ಹಗುರವಾಗಿ ಕಳೆದು, ಲಕ್ಷಣ ಶುರುವಾಗಿ ಸುಮಾರು ಒಂದು ವಾರವಾದ ಮೇಲೆ ದಿಢೀರನೆ ಉಲ್ಬಣಿಸಿದ್ದುಂಟು. ಹಾಗಾಗಿ ಲಕ್ಷಣದ ಮೊದಲ ದಿನಾಂಕವನ್ನು ಪಟ್ಟಿಯಲ್ಲಿ ಬರೆದಿಡಿ, ಐದನೇ ದಿನದಿಂದ ಹತ್ತನೇ ದಿನದವರೆಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕರೆ ಮಾಡಿ. ಜ್ವರ ಬಿಟ್ಟಿತೆಂದು ಮೂರನೇ ದಿನಕ್ಕೆ ಕರೆ ನಿಲ್ಲಿಸಿದ ತಂಡಗಳನ್ನು ನೋಡಿದ್ದೇನೆ. ನಿಜವಾದ ಕಾವಲು ಶುರುವಾಗಬೇಕಾದದ್ದೇ ಅದರ ನಂತರ.

ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಕೆಲವರಿಗೆ ಏದುಸಿರು ಇರುವುದಿಲ್ಲ. ಅದಕ್ಕಾಗಿಯೇ ತಂಡದ ಬಳಿ ಒಂದೆರಡು ಪಲ್ಸ್ ಆಕ್ಸಿಮೀಟರ್ ಇರಬೇಕು. ಅದನ್ನು ಬಳಸುವ ಬಗೆಯನ್ನು ಫೋನಿನಲ್ಲೇ ಹೇಳಿಕೊಡಿ: ಉಗುರು ಬಣ್ಣ ತೆಗೆಯಬೇಕು, ತಣ್ಣಗಿರುವ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಐದು ನಿಮಿಷ ಕುಳಿತು ವಿಶ್ರಮಿಸಬೇಕು, ಬೆರಳಿಗೆ ಸಿಕ್ಕಿಸಿ ಅಲುಗಾಡದೆ ಒಂದು ನಿಮಿಷ ಕಾದು, ಅಂಕಿ ಸ್ಥಿರವಾದ ಮೇಲೆ ಓದಬೇಕು. ಸಿಕ್ಕಿಸಿದ ಕೂಡಲೇ ಕಂಡ ಅಂಕಿಗೆ ಬೆದರಿ ಆಂಬುಲೆನ್ಸ್ ಕರೆದವರೂ ಇದ್ದಾರೆ, ನೆಮ್ಮದಿಯಿಂದ ಮಲಗಿಬಿಟ್ಟವರೂ ಇದ್ದಾರೆ. ವಿಶ್ರಾಂತಿಯಲ್ಲಿದ್ದಾಗಲೂ 94ಕ್ಕಿಂತ ಕೆಳಗಿದ್ದರೆ ವೈದ್ಯರಿಗೆ ತಿಳಿಸಿ. 90ಕ್ಕಿಂತ ಕೆಳಗಿದ್ದರೆ ಅದು ತುರ್ತು, ಕಾಯುವಂತಿಲ್ಲ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರ ಸಹಜ ಅಂಕಿಯೇ ಕಡಿಮೆ ಇರಬಹುದು, ಅದನ್ನು ಅವರ ವೈದ್ಯರಿಂದ ಮೊದಲೇ ಕೇಳಿ ಬರೆದುಕೊಳ್ಳಿ. ಕಪ್ಪು ಚರ್ಮದವರಲ್ಲಿ ಈ ಉಪಕರಣ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲೇ ಅದರ ಮಿತಿಗಳ ಬಗ್ಗೆ ಎಚ್ಚರಿಸಿತ್ತು. ಅಂಕಿ ಚೆನ್ನಾಗಿದ್ದು ಮನುಷ್ಯ ಬಳಲಿದ್ದರೆ ಮನುಷ್ಯನನ್ನೇ ನಂಬಿ. ಮೊಬೈಲ್ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಆಮ್ಲಜನಕ ಅಳೆಯುತ್ತೇವೆ ಎನ್ನುವ ಆ್ಯಪ್‌ಗಳನ್ನು ಮಾತ್ರ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ.

ತುಟಿ ನೀಲಿಗಟ್ಟುವುದು, ಎದೆ ಬಿಡದೆ ನೋಯುವುದು, ಮಾತು ತೊದಲುವುದು ಅಥವಾ ಎಬ್ಬಿಸಿದರೂ ಏಳದಿರುವುದು ಕಂಡರೆ ಅಂಕಿ ನೋಡುತ್ತ ಕೂರಬೇಡಿ, ನೇರ ಆಂಬುಲೆನ್ಸ್‌ಗೆ ಕರೆ ಮಾಡಿ.

ಔಷಧದ ಸಲಹೆ ನಮ್ಮ ಕೆಲಸವಲ್ಲ. ಒಬ್ಬರಿಗೆ ಬರೆದ ಔಷಧ ಚೀಟಿ ಇಡೀ ಬೀದಿಯಲ್ಲಿ ಹರಿದಾಡುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆಮ್ಲಜನಕದ ನೆರವು ಬೇಕಾದ ರೋಗಿಗಳ ಸಾವನ್ನು ಕಡಿಮೆ ಮಾಡುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ ತೋರಿಸಿಕೊಟ್ಟಿತು. ಆಮ್ಲಜನಕ ಬೇಕಾಗದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ ಎಂದೂ ಅದೇ ಪ್ರಯೋಗ ಹೇಳಿತು. ಈ ಎರಡನೇ ಮಾತನ್ನು ಯಾರೂ ಮುಂದಕ್ಕೆ ಕಳುಹಿಸಲಿಲ್ಲ.

ಕರೆ ಎತ್ತದಿದ್ದರೆ? ಇದನ್ನು ಮೊದಲೇ ನಿರ್ಧರಿಸಿರಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಕರೆ ಮಾಡಿ, ಆಗಲೂ ಎತ್ತದಿದ್ದರೆ ಪಕ್ಕದ ಮನೆಯವರು ಬಾಗಿಲು ಬಡಿಯಲಿ. ಉತ್ತರವಿಲ್ಲವೆಂದರೆ ಬೀಗದ ಕೈ ಇರುವವರನ್ನು ಕರೆಸಿ. ‘ಮಲಗಿರಬಹುದು, ಸಂಜೆ ನೋಡೋಣ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಇನ್ನೊಂದು ಸೂಕ್ಷ್ಮ. ಕೆಲವರಿಗೆ ಮನೆಯೊಳಗಿರುವವರಿಂದಲೇ ಅಪಾಯ. ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಹೌದು, ಇಲ್ಲ ಎಂಬಷ್ಟರಲ್ಲೇ ಉತ್ತರಿಸಬಹುದಾದ ಪ್ರಶ್ನೆ ಕೇಳಿ: ‘ಈಗ ಮಾತಾಡಬಹುದೇ? ಬೇರೆ ಹೊತ್ತಿಗೆ ಕರೆ ಮಾಡಲೇ?’ ಇಂತಹ ಮನೆಯ ವಿಷಯವನ್ನು ಗುಂಪಿಗೆ ತರದೆ, ಅಪಾಯದಲ್ಲಿರುವವರ ಒಪ್ಪಿಗೆ ಪಡೆದು ಸಹಾಯವಾಣಿಗೆ ತಲುಪಿಸಿ.

ಹಂತ 4: ದಿನಸಿ, ಔಷಧ ತಲುಪಿಸುವುದು

ಬಾಗಿಲ ಮುಂದೆ ಇಡಿ, ಕರೆಗಂಟೆ ಒತ್ತಿ ಹಿಂದೆ ಸರಿಯಿರಿ, ಅವರು ಒಳಗೊಯ್ದದ್ದನ್ನು ಕಂಡು ಹೊರಡಿ. ಯಾರ ಬ್ಯಾಂಕ್ ಕಾರ್ಡ್, ಪಿನ್ ಕೂಡ ನಿಮ್ಮ ಕೈಗೆ ಬರಬಾರದು. ಅಂಗಡಿಯ ಚೀಟಿಯನ್ನು ಸಾಮಾನಿನ ಜೊತೆಗೇ ಇಡಿ. ಫೋಟೊ ತೆಗೆಯಬೇಡಿ. ಚೀಲ ಹಿಡಿದು ತಲೆತಗ್ಗಿಸಿ ನಿಂತವರ ಚಿತ್ರ ಹಂಚಿದ ತಂಡವನ್ನು ಆ ಮನೆಯವರು ಮತ್ತೆ ಕರೆಯುವುದಿಲ್ಲ.

ಶುಚಿತ್ವದ ಬಗ್ಗೆ

ತಂಡದ ಹಣ ಹೆಚ್ಚು ಪೋಲಾಗುವುದು ಇಲ್ಲಿ. ರಸ್ತೆಗೆ ಔಷಧ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ, ಮನುಷ್ಯರ ಮೇಲೆ ಸಿಂಪಡಿಸುವುದು ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಆದರೂ ಸಿಂಪಡಣೆ ನಡೆದೇ ಇತ್ತು. ಆ ಹಣಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಕೊಳ್ಳಿ. ಕವಾಟವಿರುವ ಮಾಸ್ಕ್ ಬೇಡ, ಧರಿಸಿದವರ ಉಸಿರನ್ನು ಅದು ಸೋಸದೆ ಹೊರಬಿಡುತ್ತದೆ. ಶೇ 60ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಕೊಳ್ಳಬೇಡಿ, ಪದಾರ್ಥಗಳ ಹೆಸರು ಬರೆಯದ ಬಾಟಲಿಯನ್ನಂತೂ ಮುಟ್ಟಲೇಬೇಡಿ. ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳು 2020ರಲ್ಲಿ ಮಾರುಕಟ್ಟೆಗೆ ಬಂದಿದ್ದವು, ಅದು ವಿಷ. ಸಾಬೂನು, ನೀರು, 20 ಸೆಕೆಂಡುಗಳ ತಾಳ್ಮೆ ಇದ್ದರೆ ಸ್ಯಾನಿಟೈಸರ್ ಬೇಕಾಗುವುದೂ ಇಲ್ಲ. ಬ್ಲೀಚ್ ದ್ರಾವಣಕ್ಕೆ ಆಸಿಡ್ ಆಗಲಿ ಅಮೋನಿಯ ಆಗಲಿ ಬೆರೆಸಬೇಡಿ, ಏಳುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ರೋಗಿಯ ಕೋಣೆಯ ಕಿಟಕಿಗಳು ತೆರೆದಿರಲಿ.

ಹಂತ 5: ಪಾಳಿ

ವಾರಕ್ಕೊಂದು ದಿನ ಪ್ರತಿಯೊಬ್ಬ ಸ್ವಯಂಸೇವಕರ ಫೋನು ಬದಲಿಯವರಿಗೆ ತಿರುಗಲಿ. ಬೀದಿಯಲ್ಲಿ ಸಾವು ಸಂಭವಿಸಿದರೆ ಆ ಮನೆಗೆ ನಿತ್ಯ ಕರೆ ಮಾಡುತ್ತಿದ್ದವರಿಗೂ ಕೆಲವು ದಿನ ಬಿಡುವು ಕೊಡಿ, ಅವರೊಂದಿಗೆ ಯಾರಾದರೂ ಕುಳಿತು ಮಾತಾಡಿ. ತಮ್ಮಿಂದ ಏನೋ ತಪ್ಪಿತು ಎಂಬ ಕೊರಗನ್ನು ಅವರು ಹೊರಗೆ ಹೇಳುವುದಿಲ್ಲ. ಒಬ್ಬರೇ ಎಲ್ಲವನ್ನೂ ಹೊತ್ತ ತಂಡ ಎರಡನೇ ಅಲೆ ಬರುವ ಹೊತ್ತಿಗೆ ಇರುವುದಿಲ್ಲ.

ಹಂತ 6: ಮುಗಿಸುವುದು

ಅಲೆ ಇಳಿದ ಮೇಲೆ ಕರೆಗಳನ್ನು ಒಮ್ಮೆಲೇ ನಿಲ್ಲಿಸಬೇಡಿ. ವಾರಕ್ಕೆರಡು, ಆಮೇಲೆ ವಾರಕ್ಕೊಂದು ಎಂದು ಇಳಿಸುತ್ತ ಬನ್ನಿ, ಯಾವಾಗ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಸಿ. ಕಾಯಿಲೆ ವಿವರಗಳಿರುವ ಪಟ್ಟಿಯನ್ನು ಹರಿದು ಹಾಕಿ, ಮೊಬೈಲ್‌ನಲ್ಲಿರುವ ಪ್ರತಿಗಳನ್ನು ಅಳಿಸಿ, ಪಡೆದ ಬೀಗದ ಕೈಗಳನ್ನು ಸಹಿ ಪಡೆದು ಹಿಂದಿರುಗಿಸಿ. ಆಕ್ಸಿಮೀಟರ್‌ನ ಬ್ಯಾಟರಿ ತೆಗೆದು ಬೇರೆ ಇಡಿ. ಖಾಲಿ ನಮೂನೆ, ಮನೆಗಳನ್ನು ಹಂಚಿಕೊಂಡ ನಕ್ಷೆ ಮತ್ತು ಆಸ್ಪತ್ರೆ, ಸಹಾಯವಾಣಿಗಳ ಸಂಖ್ಯೆಗಳನ್ನು ಒಂದು ಕಡತದಲ್ಲಿ ಸೇರಿಸಿ ಇಬ್ಬರ ಮನೆಯಲ್ಲಿ ಒಂದೊಂದು ಪ್ರತಿ ಇಡಿ. ವರ್ಷಕ್ಕೊಮ್ಮೆ ಆ ಸಂಖ್ಯೆಗಳಿಗೆ ಕರೆ ಮಾಡಿ, ಬದಲಾದದ್ದನ್ನು ತಿದ್ದಿ.