ಜೌಗುನೀರು ಸುಣ್ಣದಕಲ್ಲನ್ನು ಕರಗಿಸುವುದನ್ನು ಶಾಲೆಯಲ್ಲೇ ತೋರಿಸುವ ಬಗೆ

ಧಾರವಾಡ, ಗದಗ ಸೀಮೆಯ ನೆಲದಡಿ ಇರುವುದು ಹೆಚ್ಚಾಗಿ ಶಿಸ್ಟ್ ಮತ್ತು ನೈಸ್ ಶಿಲೆಗಳಾದ್ದರಿಂದ, ನೀರು ಸುಣ್ಣದಕಲ್ಲನ್ನು ಕರಗಿಸಿ ಗುಹೆ, ಕುಳಿ, ಕಂದರಗಳನ್ನು ಮಾಡಿದ ಕಾರ್ಸ್ಟ್ ಭೂದೃಶ್ಯ ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಚಿತ್ರವಷ್ಟೇ. ಕಲ್ಲು ಮಾತ್ರ ದೂರವಿಲ್ಲ. ಹುಬ್ಬಳ್ಳಿಯ ಹಳೆಯ ಮನೆಗಳ ಪಡಸಾಲೆಗೆ ಹಾಸಿದ ಶಹಾಬಾದಿ ಫರ್ಸಿಯೂ ಅಡುಗೆಕಟ್ಟೆಯ ಕರಿ ಕಡಪಾ ಕಲ್ಲೂ ಸುಣ್ಣದಕಲ್ಲುಗಳೇ. ಲಿಂಬೆರಸ ಬಿದ್ದು ಒರೆಸದೆ ಬಿಟ್ಟ ಕಡಪಾ ಕಟ್ಟೆಯ ಮೇಲೆ ಹೊಳಪು ಹೋದ ಬೂದು ಕಲೆ ಉಳಿಯುತ್ತದಲ್ಲ, ಹುಳಿ ಸುಣ್ಣದಕಲ್ಲನ್ನು ಕರಗಿಸುವ ಇದೇ ಕ್ರಿಯೆ ಅಲ್ಲಿಯೂ ನಡೆದಿರುತ್ತದೆ.

ಮೊದಲು ಕಲ್ಲಿನ ಅಂಗಡಿಯಿಂದ ಫರ್ಸಿಯ ಒಡೆದ ಚೂರುಗಳನ್ನು ತನ್ನಿ. ಒಂದು ಚೂರನ್ನು ಮೊಳೆಯಿಂದ ಕೆರೆದು, ಬಂದ ಪುಡಿಯ ಮೇಲೆ ವಿನೆಗರ್ ಹನಿಸಿದಾಗ ಸಣ್ಣ ಗುಳ್ಳೆಗಳೆದ್ದರೆ ಕಲ್ಲು ಸರಿಯಾದದ್ದು. ಕರಿಹಲಗೆಯ ಸೀಮೆಸುಣ್ಣ ಬೇಡ. ಈಗ ಸಿಗುವುದರಲ್ಲಿ ಬಹಳಷ್ಟು ಜಿಪ್ಸಮ್, ಅದು ನೊರೆಯುವುದಿಲ್ಲ. (ಲಕ್ಕುಂಡಿಯ ಗುಡಿಗಳ ಕಲ್ಲಿನ ಮೇಲೆ ಇದನ್ನು ಪರೀಕ್ಷಿಸುವ ಉತ್ಸಾಹ ಯಾರಿಗೂ ಬಾರದಿರಲಿ.)

ಕಲ್ಲು ಸಿಕ್ಕ ಮೇಲೆ, ಅದನ್ನು ಕರಗಿಸುವ ಜೌಗುನೀರನ್ನು ಪೀಟ್‌ನಿಂದ ಮಾಡಿಕೊಳ್ಳಬೇಕು. ಪೀಟ್ ಎಂದರೆ ನೀರು ನಿಂತು ಗಾಳಿಯಾಡದ ಜೌಗಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತ ಸಸ್ಯಾವಶೇಷ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಶುದ್ಧ ಮಳೆನೀರಿನ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6, ಸ್ಫ್ಯಾಗ್ನಮ್ ಹಾವಸೆ ಬೆಳೆಯುವ ಜೌಗಿನ ನೀರಿನದು ಅದರ ಸಾವಯವ ಆಮ್ಲಗಳಿಂದಾಗಿ 4ರ ಆಸುಪಾಸಿಗೆ ಇಳಿಯುತ್ತದೆ. ನರ್ಸರಿಯಲ್ಲಿ ಪೀಟ್ ಮಾಸ್ ಎಂದೇ ಕೇಳಿ ಪಡೆಯಬೇಕು. ಕೋಕೋಪೀಟ್ ತೆಂಗಿನ ನಾರಿನ ಪುಡಿ, ಅದಕ್ಕೆ ಇಷ್ಟು ಹುಳಿ ಇರುವುದಿಲ್ಲ. ಸುಣ್ಣ ಬೆರೆಸಿದ ಕುಂಡದ ಮಿಶ್ರಣವೂ ಆಗದು.

ಎರಡು ಹಿಡಿ ಪೀಟನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿದರೆ ಕರಿ ಚಹಾದಂಥ ನೀರು ಸಿಗುತ್ತದೆ. ಬೋರ್‌ವೆಲ್ ನೀರನ್ನು ಬಳಸಿದರೆ ಪ್ರಯೋಗ ಅಲ್ಲಿಗೇ ಕೆಟ್ಟಂತೆ, ಏಕೆಂದರೆ ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ಮೊದಲೇ ತಟಸ್ಥಗೊಳಿಸುತ್ತದೆ. ಸೋಸಿದ ನೀರನ್ನು ಮೂರು ಗಾಜಿನ ಬಾಟಲಿಗಳಿಗೆ ಸಮನಾಗಿ ಹಂಚಿ, ಒಂದಕ್ಕೆ ಜಜ್ಜಿದ ಫರ್ಸಿ, ಇನ್ನೊಂದಕ್ಕೆ ಅಷ್ಟೇ ಗ್ರಾನೈಟ್ ಚೂರು ಹಾಕಿ, ಮೂರನೆಯದನ್ನು ಹಾಗೆಯೇ ಬಿಡಿ. ಒಂದು ವಾರ ದಿನವೂ ಪಿಎಚ್ ಕಾಗದದಿಂದ ಅಳೆದು ಬರೆದುಕೊಳ್ಳಿ.

ಕಲ್ಲಿನ ತೂಕ ನೋಡಲು ಹೋಗಬೇಡಿ. ಪಿಎಚ್ 4 ಇರುವ ಒಂದು ಲೀಟರ್ ನೀರಿನಲ್ಲಿ ಆ ಹೊತ್ತಿಗಿರುವ ಹೈಡ್ರೋಜನ್ ಅಯಾನುಗಳು, ಅಂದರೆ ಹುಳಿಯ ಕಣಗಳು, ಕರಗಿಸಬಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣದಕಲ್ಲಿನ ಮುಖ್ಯ ವಸ್ತು) ಬರಿ 10 ಮಿಲಿಗ್ರಾಂನಷ್ಟು. ಕಿರಾಣಿ ತಕ್ಕಡಿಗೆ ಅದು ತಿಳಿಯುವುದೇ ಇಲ್ಲ. ನೋಡಬೇಕಾದದ್ದು ನೀರನ್ನು: ಫರ್ಸಿಯಿದ್ದ ಬಾಟಲಿಯಲ್ಲಿ ಪಿಎಚ್ ಮೇಲೇರುತ್ತದೆ, ಉಳಿದೆರಡರಲ್ಲಿ ಹೆಚ್ಚು ಕದಲುವುದಿಲ್ಲ. ಕಲ್ಲನ್ನು ಕರಗಿಸುವ ನೀರು ತನ್ನ ಹುಳಿಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ.

ಈ ಒಂದು ಅಂಶದಿಂದ ಭೂದೃಶ್ಯದ ಮುಖ್ಯ ಸಂಗತಿ ಬಿಡಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಇಂಗಲ್‌ಬರೋ ಬೆಟ್ಟದ ಪೀಟ್ ಹಾಸಿನಿಂದ ಇಳಿಯುವ ಫೆಲ್ ಬೆಕ್ ಹಳ್ಳವು ಸುಣ್ಣದಕಲ್ಲನ್ನು ಮುಟ್ಟಿದ ಬಳಿಕ ಸುಮಾರು 100 ಮೀಟರ್ ಆಳದ ಗೇಪಿಂಗ್ ಗಿಲ್ ಕೂಪಕ್ಕೆ ಬೀಳುತ್ತದೆ. 1895ರಲ್ಲಿ ಫ್ರಾನ್ಸಿನ ಗುಹಾನ್ವೇಷಕ ಎದುವಾರ್ ಆಲ್ಫ್ರೆಡ್ ಮಾರ್ತೆಲ್ ಅದರ ತಳಕ್ಕೆ ಮೊದಲು ಇಳಿದವರು. ಹುಳಿ ಇನ್ನೂ ಖರ್ಚಾಗದ ನೀರು ಕಲ್ಲಿಗೆ ಮೊದಲು ತಗಲುವ ಇಂಥ ಗಡಿಯಲ್ಲಿಯೇ ನೀರು ನುಂಗುವ ಕುಳಿಗಳು ಸಾಲಾಗಿ ಕಾಣುತ್ತವೆ. ಪೀಟ್ ಇಲ್ಲದ ಕಡೆಯೂ ಕಾರ್ಸ್ಟ್ ಉಂಟು. ಅಲ್ಲಿ ಮಣ್ಣಿನ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿಗೆ ಆಮ್ಲತೆ ಕೊಡುತ್ತದೆ.

ಬಿರುಕುಗಳು ಅಗಲವಾಗುವುದನ್ನು ತೋರಿಸಲು, ಫರ್ಸಿಯ ಮೇಲೆ ಮೇಣದಬತ್ತಿಯ ಮೇಣ ಸುರಿದು, ಆರಿದ ಮೇಲೆ ಸೂಜಿಯಿಂದ ಕಲ್ಲು ಕಾಣುವಂತೆ ಒಂದು ಗೆರೆ ಎಳೆದು, ವಿನೆಗರ್‌ನಲ್ಲಿ ಇಡಿ. ಪೀಟ್ ನೀರಿಗೆ ಇಷ್ಟು ಬೇಗ ಇದು ಸಾಧ್ಯವಾಗದು. ದಿನಕ್ಕೊಮ್ಮೆ ವಿನೆಗರ್ ಬದಲಿಸಿ, ಕೆಲವು ದಿನಗಳ ನಂತರ ಮೇಣ ಕೆರೆದರೆ, ಗೆರೆಯಿದ್ದಲ್ಲಿ ಮಾತ್ರ ಕಲ್ಲು ತಗ್ಗಿರುವುದು ಉಗುರಿಗೆ ಸಿಗುತ್ತದೆ.