ಬಾಯ್ಲರಿಗೆ ಕಲ್ಲಿದ್ದಲು ಆರಿಸುವಾಗ ನಾನು ನೋಡುವುದು

ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ವಿಭಾಗದ ಹೊಣೆ ನನ್ನದು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲದ ಕಾರಣ ನಮ್ಮ ಸರಕೆಲ್ಲ ಹೊರಗಿನದು: ಒಂದು ತೆಲಂಗಾಣದ ಸಿಂಗರೇಣಿಯದು, ಇನ್ನೊಂದು ಇಂಡೋನೇಷ್ಯಾದಿಂದ ನವ ಮಂಗಳೂರು ಬಂದರಿಗಿಳಿದು ಶಿರಾಡಿ ಘಾಟಿ ಹತ್ತಿ ಬರುವಂಥದು.

ಕಲ್ಲಿದ್ದಲಿನ ಜಾತಿಗಳ ಪೈಕಿ ಇಂಗಾಲದ ಅಂಶ ಲಿಗ್ನೈಟಿನಲ್ಲಿ ಸುಮಾರು ಶೇ 60ರಿಂದ 75, ಬಿಟುಮಿನಸ್‌ನಲ್ಲಿ 75ರಿಂದ 90, ಆಂತ್ರಸೈಟ್‌ನಲ್ಲಿ 90ಕ್ಕೂ ಹೆಚ್ಚು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಇದು ತೇವವನ್ನೂ ಬೂದಿಯನ್ನೂ ಕಳೆದ ಮೇಲಿನ ಲೆಕ್ಕ. ನಾವು ಹಣ ಕೊಡುವುದು ಅವೆರಡನ್ನೂ ಸೇರಿಸಿದ ತೂಕಕ್ಕೆ. ಆದ್ದರಿಂದ ಜಾತಿಯ ಹೆಸರನ್ನಷ್ಟೇ ನಂಬಿ ಸರಕು ಇಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಲಾರಿಯ ಮೇಲೆ, ನಡುವೆ, ತಳದಲ್ಲಿ ಹೀಗೆ ಹಲವೆಡೆಯಿಂದ ತೆಗೆದ ಮಾದರಿಯನ್ನು ಕುಟ್ಟಿ, ಗುಡ್ಡೆ ಹಾಕಿ, ತಲೆ ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡುತ್ತೇವೆ. ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು ಮತ್ತೆ ಹಾಗೆಯೇ ಮಾಡುತ್ತಾ, ಕೊನೆಗೆ ಕೈಗೆ ಹಿಡಿಸುವಷ್ಟನ್ನು ನುಣ್ಣಗೆ ಪುಡಿ ಮಾಡಲಾಗುತ್ತದೆ. ಒಂದು ಗ್ರಾಂ ಪುಡಿಯನ್ನು ಸುಮಾರು 108 ಡಿಗ್ರಿಯಲ್ಲಿ ಒಣಗಿಸಿದಾಗ ಇಳಿದ ತೂಕವೇ ತೇವ. ಮುಚ್ಚಿದ ಮೂಸೆಯಲ್ಲಿ 900 ಡಿಗ್ರಿಯಲ್ಲಿ 7 ನಿಮಿಷ ಇಟ್ಟರೆ ಆವಿಯಾಗಿ ಹೋಗುವ ಅಂಶ ತಿಳಿಯುತ್ತದೆ. ಅದರಲ್ಲಿ ತೇವವನ್ನು ಕಳೆಯಬೇಕು. ಗಾಳಿಯಾಡುವಂತೆ 815 ಡಿಗ್ರಿಯಲ್ಲಿ ಪೂರ್ತಿ ಸುಟ್ಟ ಮೇಲೆ ಉಳಿದದ್ದು ಬೂದಿ. ನೂರರಿಂದ ಈ ಮೂರನ್ನೂ ಕಳೆದರೆ ಸಿಗುವುದು ಸ್ಥಿರ ಇಂಗಾಲ. ಇದನ್ನು ಒಟ್ಟು ಇಂಗಾಲವೆಂದು ತಿಳಿಯಬಾರದು, ಏಕೆಂದರೆ ಆವಿಯೊಂದಿಗೆ ಹೋದದ್ದರಲ್ಲಿಯೂ ಇಂಗಾಲವಿರುತ್ತದೆ.

ಉದಾಹರಣೆಗೆ, ಒಂದು ಮಾದರಿಯಲ್ಲಿ ತೇವ 30, ಬೂದಿ 5, ಆವಿಯ ಅಂಶ 33 ಇದ್ದು, ಇನ್ನೊಂದರಲ್ಲಿ ತೇವ 8, ಬೂದಿ 34, ಆವಿಯ ಅಂಶ 26 ಇದ್ದರೆ ಎರಡರಲ್ಲಿಯೂ ಸ್ಥಿರ ಇಂಗಾಲ ಶೇ 32. ಅಂಕಿ ಒಂದೇ ಆದರೂ ಬೆಂಕಿಯ ನಡವಳಿಕೆ ಬೇರೆ. ಮೊದಲನೆಯದು ಇಂಡೋನೇಷ್ಯಾದ ಸರಕಿನ ಗುಣ: ಬೇಗ ಹೊತ್ತಿ ಉದ್ದನೆಯ ಹಳದಿ ಜ್ವಾಲೆ ಕೊಡುತ್ತದೆ, ಮೇಲಿನಿಂದ ಗಾಳಿ ಸಾಲದಿದ್ದರೆ ಚಿಮಣಿಯಲ್ಲಿ ಕಪ್ಪು ಹೊಗೆ. ಎರಡನೆಯದು ಸಿಂಗರೇಣಿಯ ಗುಣ: ಉರಿ ನಿಧಾನ, ಮತ್ತು ಬೂದಿ ಕರಗಿ ಒಲೆಯ ಕಬ್ಬಿಣದ ಜಾಲರಿಗೆ ಅಂಟಿದ ಕ್ಲಿಂಕರನ್ನು ಸಲಾಕೆಯಿಂದ ಎಬ್ಬಿಸುವ ಕಷ್ಟ ನಮ್ಮ ಫೈರ್‌ಮನ್‌ಗಳದು. ಅವರ ಬೆವರನ್ನೂ ದರದೊಡನೆ ಲೆಕ್ಕ ಹಿಡಿಯಬೇಕೆಂದು ನಾನು ಖರೀದಿ ವಿಭಾಗದವರಿಗೆ ಒತ್ತಿ ಹೇಳುತ್ತಲೇ ಇರುತ್ತೇನೆ.

ಕಡಿಮೆ ದರ್ಜೆಯ ಕಲ್ಲಿದ್ದಲು ಗುಡ್ಡೆಯಲ್ಲಿಯೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದಕ್ಕಾಗಿ ಗುಡ್ಡೆಯನ್ನು ಎತ್ತರಕ್ಕೆ ಬಿಡದೆ, ಒತ್ತಿ ಗಟ್ಟಿ ಮಾಡಿ, ಮೊದಲು ಬಂದದ್ದನ್ನು ಮೊದಲು ಉರಿಸುತ್ತೇವೆ.

ಮಾರುವವರ ವರದಿಯ ಅಂಕಿಗಳು ಎಷ್ಟೋ ವೇಳೆ ಗಾಳಿಗೆ ಒಣಗಿಸಿದ ಮಾದರಿಯವು. ಮಳೆಗಾಲದಲ್ಲಿ ಘಾಟಿ ಹತ್ತಿ ಬಂದ ಲಾರಿಯ ಸರಕಿಗೆ ಅವು ಹೊಂದುವುದಿಲ್ಲ. ಹೀಗಾಗಿ ನಮ್ಮ ಖರೀದಿ ಆದೇಶದಲ್ಲಿ ತೇವ, ಬೂದಿ, ಉಷ್ಣಮೌಲ್ಯ (ಒಂದು ಕಿಲೋ ಉರಿದಾಗ ಸಿಗುವ ಶಾಖ) ಮೂರನ್ನೂ ಕಾರ್ಖಾನೆಗೆ ಬಂದ ಸ್ಥಿತಿಯ ಲೆಕ್ಕದಲ್ಲಿಯೇ ನಮೂದಿಸಿ, ತೇವ ಮಿತಿ ಮೀರಿದರೆ ಅಷ್ಟು ತೂಕವನ್ನು ಬಿಲ್ಲಿನಲ್ಲಿ ಕಡಿತ ಮಾಡುವ ಷರತ್ತನ್ನು ಸೇರಿಸಿದ್ದೇವೆ.